ಬಿಳಿನೊಣ ಇಳಿಯೋ ಮುಂಚೆ ನೆಲ ಮುಚ್ಚಿ: ತರಕಾರಿಯಲ್ಲಿ ಸಾವಯವ ಹೊದಿಕೆ ಮತ್ತು ಕೀಟ ಹತೋಟಿ



ಕಬ್ಬು ಕಟಾವು ಮುಗಿದ ಮೇಲೆ ನಮ್ಮ ಮಳವಳ್ಳಿ ಕಡೆ ಸಂಜೆ ಹೊತ್ತು ಬಂದರೆ ಅಲ್ಲಲ್ಲಿ ಹೊಗೆ ಏಳ್ತಿರುತ್ತೆ. ತರಗಿಗೆ ಬೆಂಕಿ ಹಾಕಿರ್ತಾರೆ. ಅದರ ಪಕ್ಕದ ಹೊಲದಲ್ಲೇ ಇನ್ನೊಬ್ಬರು ಬೆನ್ನಿಗೆ ಪಂಪು ಹಾಕ್ಕೊಂಡು ಟೊಮೆಟೊಗೆ ಬಿಳಿನೊಣದ ಔಷಧಿ ಹೊಡೀತಿರ್ತಾರೆ. ಕೆಲವು ವರ್ಷದ ಹಿಂದೆ ಈ ಎರಡೂ ಕೆಲಸ ನಮ್ಮ ಜಮೀನಿನಲ್ಲೇ ನಡೀತಿತ್ತು. ಸುಟ್ಟು ಹಾಕಿದ ಆ ತರಗನ್ನ ಸರಿಯಾದ ಹೊತ್ತಿಗೆ ಟೊಮೆಟೊ ಮಡಿಗೆ ಹಾಸಿದ್ದರೆ ಔಷಧಿ ಖರ್ಚು ಎಷ್ಟೋ ಉಳಿಯುತ್ತಿತ್ತು ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ. ಅದೂ ಒಂದು ಬೆಳೆ ಕಳಕೊಂಡು.

ಹೊದಿಕೆ ಹಾಕಿದರೆ ನೀರು ಉಳಿಯುತ್ತೆ, ಕಳೆ ಕಮ್ಮಿ ಆಗುತ್ತೆ ಅನ್ನೋದು ನಿಮಗೆಲ್ಲ ಗೊತ್ತಿರೋದೇ. ಈ ವಾರ ಅದರ ಬಗ್ಗೆ ಹೇಳೋದಿಲ್ಲ. ಹುಲ್ಲು, ತರಗು, ಸೊಪ್ಪಿನ ಹೊದಿಕೆಯಿಂದ ಯಾವ ಕೀಟ ಕಮ್ಮಿ ಆಗುತ್ತೆ, ಯಾವುದು ಆಗೋದಿಲ್ಲ, ಯಾವುದು ಜಾಸ್ತಿಯೇ ಆಗಿಬಿಡುತ್ತೆ ಅನ್ನೋದನ್ನ ನೋಡೋಣ.

ಮೊದಲು ನಾನು ಮಾಡಿದ ತಪ್ಪು

ತೋಟಗಾರಿಕೆ ಬಿಎಸ್ಸಿ ಮುಗಿಸಿ, ಎರಡು ವರ್ಷ ಬೇರೆ ಕೆಲಸ ಮಾಡಿ ಊರಿಗೆ ಬಂದಿದ್ದೆ. ಸಾವಯವದಲ್ಲೇ ಬೆಳೀತೀನಿ ಅಂತ ಹಟ. ಜೂನ್ ಕೊನೆಯಲ್ಲಿ ಟೊಮೆಟೊ ಪೈರು ನಾಟಿ ಮಾಡಿ, ಮಾರನೇ ದಿನವೇ ಕಬ್ಬಿನ ತರಗು ತಂದು ಮೊಣಕೈ ಮುಳುಗೋ ಹಂಗೆ ಹಾಕಿದೆ. ಕಾಂಡಕ್ಕೆ ಅಂಟಿಸಿ, ಪೈರಿನ ತಲೆ ಮಾತ್ರ ಕಾಣೋ ಹಾಗೆ. ಬದುವಿನ ಮೇಲೆ ನಿಂತು ನೋಡ್ತಿದ್ದ ಅಪ್ಪ ಒಂದೇ ಮಾತು ಹೇಳಿದರು: "ಕಸವ ಹೊಲದಿಂದ ಈಚೆಗೆ ಎತ್ತಾಕೋದ ಕಂಡಿದೀನಿ ಕಣವ್ವ. ತಂದು ಹೊಲಕ್ಕೆ ಹಾಕೋದ ಇವತ್ತೇ ನೋಡ್ತಿರೋದು."

ಆ ವಾರ ಪೂರ್ತಿ ಜಿಟಿಜಿಟಿ ಮಳೆ. ಎಂಟನೇ ದಿನ ಬೆಳಗ್ಗೆ ಹೋಗಿ ನೋಡಿದರೆ ಸಾಲು ಸಾಲು ಪೈರು ಬುಡದಲ್ಲಿ ಕತ್ತರಿಸಿ ಬಿದ್ದಿದ್ದವು. ತರಗು ಸರಿಸಿದರೆ ಒಳಗೆ ಕಾಂಡ ಕತ್ತರಿಸೋ ಹುಳು ಸುರುಳಿ ಸುತ್ತಿಕೊಂಡು ಮಲಗಿತ್ತು. ಜೊತೆಗೆ ಬಸವನಹುಳು. ಉಳಿದ ಕೆಲವು ಪೈರುಗಳ ಬುಡ ಮೆತ್ತಗಾಗಿ ಕೊಳೆತು ಹೋಯ್ತು. ತರಗೆಲ್ಲ ಎತ್ತಿ ಹಾಕಿ, ಮತ್ತೆ ಪೈರು ಕೊಂಡು ತಂದು ನೆಟ್ಟೆವು. ಕೂಲಿ ಎರಡು ಸಲ, ಪೈರಿನ ದುಡ್ಡು ಎರಡು ಸಲ. ಅಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ತಪ್ಪು ತರಗಿನದಲ್ಲ. ಯಾವ ಹುಳ ತನ್ನ ಜೀವನದ ಯಾವ ದಿನಗಳನ್ನ ಎಲ್ಲಿ ಕಳೆಯುತ್ತೆ ಅನ್ನೋದನ್ನ ನಾನು ಪರೀಕ್ಷೆಗೆ ಓದಿದ್ದೆ, ಹೊಲದಲ್ಲಿ ಮರೆತಿದ್ದೆ. ಹೊದಿಕೆ ಅನ್ನೋದು ಔಷಧಿ ಅಲ್ಲ. ನೆಲದ ಮೇಲೆ ಯಾರು ಬದುಕಬಹುದು, ಯಾರು ಬದುಕೋಕಾಗಲ್ಲ ಅನ್ನೋದನ್ನ ಅದು ಬದಲಾಯಿಸುತ್ತೆ, ಅಷ್ಟೇ. ಆದ್ದರಿಂದ ಹೊದಿಕೆ ಹಾಕೋ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಹಂಗಾಮಿನಲ್ಲಿ ನನಗೆ ತೊಂದರೆ ಕೊಡೋ ಹುಳ ಎಲ್ಲಿಂದ ಬರುತ್ತೆ?

1. ಮೇಲಿಂದ ಹಾರಿ ಬರೋವು: ಬಿಳಿನೊಣ, ಸಸ್ಯಹೇನು

ಬಿಳಿನೊಣ ಮತ್ತು ರೆಕ್ಕೆ ಇರೋ ಸಸ್ಯಹೇನು ಗಿಡವನ್ನ ಹುಡುಕೋದು ಮುಖ್ಯವಾಗಿ ಕಣ್ಣಿನಿಂದ. ಕಪ್ಪು ಅಥವಾ ಕೆಂಪು ಮಣ್ಣಿನ ಮೇಲೆ ಒಂದು ಹಸಿರು ಚುಕ್ಕಿ ಇದ್ದರೆ ಅದಕ್ಕೆ ದೂರದಿಂದಲೇ ಎದ್ದು ಕಾಣುತ್ತೆ. ಆಗ ತಾನೇ ನಾಟಿ ಮಾಡಿದ ಹೊಲ ಹೇಗಿರುತ್ತೆ ನೆನಪು ಮಾಡಿಕೊಳ್ಳಿ: ಬರೀ ಮಣ್ಣು, ನಡುವೆ ಸಣ್ಣ ಸಣ್ಣ ಪೈರು. ಬಿಳಿನೊಣಕ್ಕೆ ಎಲೆ ಹಾಸಿ ಊಟಕ್ಕೆ ಕರೆದ ಹಾಗೆ.

ಅದೇ ನೆಲದ ಮೇಲೆ ಒಣಗಿದ, ತಿಳಿ ಬಣ್ಣದ ಹುಲ್ಲು ಅಥವಾ ತರಗು ಹಾಸಿದರೆ ಬೆಳಕು ಮೇಲಕ್ಕೆ ಚದುರುತ್ತೆ. ಮಣ್ಣಿಗೂ ಹಸಿರಿಗೂ ಇದ್ದ ವ್ಯತ್ಯಾಸ ಮಂಕಾಗುತ್ತೆ. ಇಳಿಯೋ ನೊಣಗಳ ಸಂಖ್ಯೆ ಕಮ್ಮಿ ಆಗುತ್ತೆ. ಇದು ನಮ್ಮೂರಿನ ಊಹೆ ಅಲ್ಲ. ಇಸ್ರೇಲಿನಲ್ಲಿ ಟೊಮೆಟೊಗೆ, ಜರ್ಮನಿಯ ಸಾವಯವ ಆಲೂಗಡ್ಡೆಗೆ ಹುಲ್ಲಿನ ಹೊದಿಕೆ ಹಾಕಿ ವಿಜ್ಞಾನಿಗಳು ನೋಡಿದ್ದಾರೆ. ಹಾರಿ ಬಂದು ವೈರಸ್ ಹರಡೋ ಕೀಟಗಳ ಹಾವಳಿ ಬೆಳೆಯ ಶುರುವಿನ ದಿನಗಳಲ್ಲಿ ಕಮ್ಮಿ ಆಗಿದ್ದನ್ನ ಕಂಡಿದ್ದಾರೆ.

'ಶುರುವಿನ ದಿನಗಳಲ್ಲಿ' ಅನ್ನೋ ಮಾತನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಗಿಡ ಬೆಳೆದು ನೆಲ ಮುಚ್ಚಿದ ಮೇಲೆ ಹೊದಿಕೆ ಮೇಲಿಂದ ಕಾಣೋದೇ ಇಲ್ಲ, ಈ ಉಪಯೋಗ ಅಲ್ಲಿಗೆ ಮುಗೀತು. ಆದರೆ ಟೊಮೆಟೊ ಎಲೆಮುದುಡು ರೋಗಕ್ಕೆ ಮುಖ್ಯವಾದದ್ದು ಅದೇ ಮೊದಲ 4ರಿಂದ 5 ವಾರ. ಆ ಹೊತ್ತಲ್ಲಿ ವೈರಸ್ ತಗುಲಿದ ಗಿಡ ಕುಳ್ಳಗಾಗಿ ಕಾಯಿ ಕಟ್ಟೋದೇ ಕಷ್ಟ. ಹೂವು ಕಾಯಿ ಬಂದ ಮೇಲೆ ತಗುಲಿದರೆ ಇಳುವರಿ ಸ್ವಲ್ಪ ಹೋದರೂ ಬೆಳೆ ಕೈಗೆ ಸಿಗುತ್ತೆ. ಹೊದಿಕೆ ನಮಗೆ ಕೊಡೋದು ಆ ಕೆಲವು ವಾರಗಳ ಅವಕಾಶವನ್ನ.

ಔಷಧಿ ಹೊಡೆದರೆ ಸಾಲದಾ ಅಂತ ಕೇಳಬಹುದು. ಬಿಳಿನೊಣ ಬಂದು, ಕೂತು, ರಸ ಹೀರಿದ ಮೇಲೆ ಸಾಯೋದೇ ಹೆಚ್ಚು. ಅಷ್ಟರಲ್ಲಿ ಎಷ್ಟೋ ಸಲ ವೈರಸ್ ಗಿಡದೊಳಗೆ ಸೇರಿರುತ್ತೆ. ಕೂರದ ಹಾಗೆ ಮಾಡೋದು ಕೂತಿದ್ದನ್ನ ಸಾಯಿಸೋದಕ್ಕಿಂತ ಮೇಲು.

2. ಗಿಡದಿಂದ ಕೆಳಗೆ ಇಳಿದು ಕೋಶವಾಗೋವು: ಥ್ರಿಪ್ಸ್, ರಂಗೋಲಿ ಹುಳು, ಹಣ್ಣಿನ ನೊಣ, ಕಾಯಿಕೊರಕ

ಈ ಕೀಟಗಳು ತಿನ್ನೋದು ಗಿಡದಲ್ಲಿ, ಆದರೆ ರೆಕ್ಕೆ ಬರೋ ಮುಂಚಿನ ಕೋಶದ ಹಂತ ಕಳೆಯೋದು ಹೆಚ್ಚಾಗಿ ಮಣ್ಣಲ್ಲಿ. ಮೆಣಸಿನಕಾಯಿಯ ಥ್ರಿಪ್ಸ್ ಮರಿಗಳು ಉದುರಿ ಮಣ್ಣಿಗೆ ಸೇರುತ್ತವೆ. ಎಲೆ ಮೇಲೆ ಬಿಳಿ ಗೆರೆ ಎಳೆಯೋ ರಂಗೋಲಿ ಹುಳುವೂ ಹಾಗೇ. ಹೀರೆ, ಹಾಗಲದ ಹಣ್ಣಿನ ನೊಣದ ಹುಳು ಕಾಯಿಂದ ಹೊರಬಂದು ಮಣ್ಣಿಗೆ ಇಳಿಯುತ್ತೆ. ಟೊಮೆಟೊ ಕಾಯಿಕೊರಕವೂ ಕೋಶವಾಗೋದು ಮಣ್ಣಲ್ಲೇ.

ಬಿಸಿಲಿಗೆ ಕಾದ ಬರೀ ನೆಲದಲ್ಲಿ ಇವನ್ನ ಹಿಡಿದು ತಿನ್ನೋರು ಯಾರೂ ಇರೋದಿಲ್ಲ. ಹೊದಿಕೆ ಕೆಳಗೆ ತೇವ, ನೆರಳು ಇರುತ್ತೆ. ಹಾಗಾಗಿ ಜೇಡ, ನೆಲದ ಮೇಲೆ ಓಡಾಡೋ ಕಪ್ಪು ದುಂಬಿ, ಇರುವೆ ಇವೆಲ್ಲ ಅಲ್ಲಿ ಮನೆ ಮಾಡ್ತವೆ. ಇವು ನಮ್ಮ ಕಾವಲುಗಾರರು. ಅಮೆರಿಕದಲ್ಲಿ ಆಲೂಗಡ್ಡೆ ಹೊಲಕ್ಕೆ ಹುಲ್ಲು ಹಾಸಿ ನೋಡಿದಾಗ ಇಂಥ ಪರಭಕ್ಷಕ ಕೀಟಗಳು ಹೆಚ್ಚಾಗಿ, ಎಲೆ ತಿನ್ನೋ ದುಂಬಿಯ ಕಾಟ ಕಮ್ಮಿ ಆಗಿತ್ತು. ಇನ್ನೊಂದು ಲಾಭ ಏನಂದರೆ, ಮೆಟಾರೈಜಿಯಂ, ಬವೇರಿಯಾದಂಥ ಕೀಟನಾಶಕ ಶಿಲೀಂಧ್ರಗಳಿಗೂ ತೇವ ಬೇಕು. ಬಿಸಿಲು ಬಿದ್ದರೆ ಅವು ಬೇಗ ಸಾಯ್ತವೆ. ಸಂಜೆ ಹೊತ್ತು ಮಣ್ಣಿಗೆ ಕೊಟ್ಟು ಮೇಲೆ ಹೊದಿಕೆ ಮುಚ್ಚಿದರೆ ಅವು ಹೆಚ್ಚು ದಿನ ಕೆಲಸ ಮಾಡ್ತವೆ. ಪ್ರಮಾಣ ಪ್ಯಾಕೆಟ್ ಮೇಲೆ ಇದ್ದ ಹಾಗೆ.

ಆದರೆ ಹಣ್ಣಿನ ನೊಣಕ್ಕೆ ಹೊದಿಕೆ ಒಂದನ್ನೇ ನಂಬಬೇಡಿ. ಕೊಳೆತು ಬಿದ್ದ ಕಾಯಿ ತರಗಿನೊಳಗೆ ಅಡಗಿಕೊಂಡರೆ ಆ ನೊಣಕ್ಕೆ ನೀವೇ ಮನೆ ಕಟ್ಟಿಕೊಟ್ಟ ಹಾಗೆ. ಎರಡು ದಿನಕ್ಕೊಮ್ಮೆ ಬಿದ್ದ ಕಾಯಿ ಆರಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಬಿಸಿಲಿಗೆ ಇಡಿ. ಜೊತೆಗೆ ಬಳ್ಳಿ ತರಕಾರಿಗೆ ಕ್ಯೂ ಲ್ಯೂರ್ ಬಲೆ ಇರಲಿ.

3. ಹೊದಿಕೆಯೊಳಗೇ ಸೇರಿಕೊಳ್ಳೋವು: ಕಾಂಡ ಕತ್ತರಿಸೋ ಹುಳು, ಬಸವನಹುಳು, ಗೆದ್ದಲು

ನನ್ನ ಪೈರು ತಿಂದವು ಇವೇ. ಜೇಡಕ್ಕೆ ಹಿತವಾಗೋ ನೆರಳು, ತೇವ ಇವಕ್ಕೂ ಹಿತ. ಎಳೆ ಪೈರು, ದಪ್ಪ ಹೊದಿಕೆ, ಮಳೆಗಾಲ, ಈ ಮೂರೂ ಒಟ್ಟಿಗೆ ಸೇರಿದರೆ ಅಪಾಯ ಖಂಡಿತ. ಆಫ್ರಿಕಾದ ದೊಡ್ಡ ಬಸವನಹುಳು ಇರೋ ಊರಾದರೆ ಮಳೆಗಾಲದಲ್ಲಿ ಹೊದಿಕೆಗೆ ಅವಸರ ಬೇಡವೇ ಬೇಡ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯ ಎಲೆ ಅಥವಾ ಕೋಸಿನ ಎಲೆ ಇಟ್ಟು, ಬೆಳಗ್ಗೆ ಅಲ್ಲಿ ಸೇರಿದ್ದನ್ನ ಕೈಗವಸು ಹಾಕಿ ಆರಿಸಿ ಉಪ್ಪುನೀರಿಗೆ ಹಾಕಬೇಕು.

ಒಣ ಭೂಮಿಯಲ್ಲಿ ಗೆದ್ದಲು ಬರುತ್ತೆ. ಅದು ಒಣ ತರಗು ತಿನ್ನೋತನಕ ಭಯ ಇಲ್ಲ. ನೆಲ ಪೂರ್ತಿ ಒಣಗಿದರೆ ಗಿಡದ ಬುಡಕ್ಕೆ ಕೈ ಹಾಕುತ್ತೆ. ಹೊದಿಕೆ ಹಾಕೋ ಮುಂಚೆ ಎಕರೆಗೆ 100 ಕೆ.ಜಿ. ಬೇವಿನ ಹಿಂಡಿ ಮಡಿಗೆ ಕೊಡೋದನ್ನ ನಾನು ತಪ್ಪಿಸೋದಿಲ್ಲ. ಅರ್ಧ ಕೊಳೆತ ಸಗಣಿ ಗೊಬ್ಬರವನ್ನ ಹೊದಿಕೆ ಅಂತ ಹಾಕಲೇಬೇಡಿ, ಗೊಣ್ಣೆಹುಳು ಅದರ ಜೊತೆಗೇ ಬರುತ್ತೆ.

4. ಹೊದಿಕೆಗೆ ಬಗ್ಗದವು

ಬದನೆ ಕುಡಿ ಮತ್ತು ಕಾಯಿ ಕೊರಕಕ್ಕೆ ಹೊದಿಕೆಯಿಂದ ಉಪಯೋಗ ಇಲ್ಲ. ಅದು ಗಿಡದ ಒಣ ಎಲೆ, ಕೆಳಗೆ ಬಿದ್ದ ಕಸದಲ್ಲೇ ಗೂಡು ಕಟ್ಟಿ ಕೋಶವಾಗುತ್ತೆ, ತರಗು ಇದ್ದರೆ ಅದಕ್ಕೆ ಅನುಕೂಲವೇ. ಬದನೆಗೆ ಬಾಡಿದ ಕುಡಿಯನ್ನ ವಾರಕ್ಕೊಮ್ಮೆ ಚಿವುಟಿ ಹೊರಗೆ ತೆಗೆದು ನಾಶ ಮಾಡೋದು, ಲಿಂಗಾಕರ್ಷಕ ಬಲೆ ಕಟ್ಟೋದು ಇವೇ ದಾರಿ. ಆಗಲೇ ಎಲೆ ಕೆಳಗೆ ಕೂತು ಮೊಟ್ಟೆ ಇಟ್ಟ ಬಿಳಿನೊಣಕ್ಕೂ ಹೊದಿಕೆ ಏನೂ ಮಾಡೋದಿಲ್ಲ. ಅದರ ಮರಿಗಳ ಜೀವನ ಎಲ್ಲ ಎಲೆ ಮೇಲೇ.

ಯಾವ ವಸ್ತು ಹಾಕೋದು?

ಬಿಳಿನೊಣಕ್ಕೆ ಅಂತಾದರೆ ಬಣ್ಣ ಮುಖ್ಯ. ಒಣಗಿದ ಭತ್ತದ ಹುಲ್ಲು, ಕಬ್ಬಿನ ತರಗು ತಿಳಿ ಬಣ್ಣದವು, ನಿಧಾನ ಕೊಳೆಯುತ್ತವೆ. ಹೊಂಗೆ, ಗ್ಲಿರಿಸಿಡಿಯಾ ಸೊಪ್ಪು ಮಣ್ಣಿಗೆ ಬಲು ಒಳ್ಳೇದು, ಆದರೆ ಬೇಗ ಕಪ್ಪಾಗಿ ಕರಗಿಹೋಗುತ್ತೆ. ಅದನ್ನ ಕೆಳಗೆ ತೆಳ್ಳಗೆ ಹಾಕಿ ಮೇಲೆ ತರಗು ಹಾಕ್ತೀನಿ.

ರಾಗಿ ಹುಲ್ಲು ಹಾಕಿ ಅಂತ ನಾನು ಹೇಳೋದಿಲ್ಲ. ಅದು ದನದ ಬಾಯಿಗೆ ಹೋಗಬೇಕಾದ್ದು. ಕಬ್ಬಿನ ತರಗಾದರೆ ದನ ತಿನ್ನಲ್ಲ, ಜನ ಸುಡ್ತಾರೆ. ಕಬ್ಬಿನ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು ತರಗು ಬರುತ್ತೆ ಅಂತ ಲೆಕ್ಕ. ಎಕರೆಗೆ 40 ಟನ್ ಕಬ್ಬು ಬಂದರೆ 4 ಟನ್ ತರಗು. ಮಡಿಗಳಿಗೆ ಮಾತ್ರ ಹಾಸಿದರೆ ತರಕಾರಿಗೆ ಎಕರೆಗೆ 2ರಿಂದ 3 ಟನ್ ಸಾಕು.

ಹಾಕಬಾರದ್ದು: ಹೋದ ಬೆಳೆಯ ಟೊಮೆಟೊ, ಬದನೆ, ಮೆಣಸಿನ ಗಿಡದ ಕಸವನ್ನ ಅದೇ ಜಾತಿಯ ಬೆಳೆಗೆ ಹಾಕಬೇಡಿ. ಹೂ ಬಿಟ್ಟ ಪಾರ್ಥೇನಿಯಂ ಹೊಲದೊಳಗೆ ತರಲೇಬೇಡಿ.

ಬೇಸಿಗೆ ಟೊಮೆಟೊಗೆ ನಾನು ಹಾಕೋ ಕ್ರಮ

- ಪೈರು 50 ಮೆಶ್ ನೈಲಾನ್ ಪರದೆಯೊಳಗೆ ಬೆಳೆದದ್ದೇ ಆಗಿರಲಿ. ನರ್ಸರಿಯಲ್ಲೇ ವೈರಸ್ ತಗುಲಿದ್ದರೆ ಹೊಲದಲ್ಲಿ ಚಿನ್ನ ಹಾಸಿದರೂ ಪ್ರಯೋಜನ ಇಲ್ಲ.
- ಏರುಮಡಿ ಮಾಡಿ, ಬೇವಿನ ಹಿಂಡಿ ಕೊಟ್ಟು, ಡ್ರಿಪ್ ಪೈಪು ಎಳೆದು ಒಮ್ಮೆ ನೀರು ಬಿಡಿ.
- ನಾಟಿಗೆ ಮುಂಚೆಯೇ ಮಡಿ ಮೇಲೆ 3 ಇಂಚು ತರಗು ಹಾಸಿ. ಕೂತ ಮೇಲೆ ಅದು 2 ಇಂಚಿಗೆ ಬರುತ್ತೆ. ಉದ್ದ ತರಗಾದರೆ ಒಂದು ಅಡಿಗೆ ಕತ್ತರಿಸಿದರೆ ಗಾಳಿಗೆ ಹಾರೋದಿಲ್ಲ.
- ನೆಡೋ ಜಾಗದಲ್ಲಿ ತರಗು ಸರಿಸಿ ನೆಡಿ. ಕಾಂಡದ ಸುತ್ತ ಮೂರು ಬೆರಳು ಅಗಲ ಬರೀ ನೆಲ ಇರಲೇಬೇಕು.
- ಹಸಿ ಇದೆ ಅಂತ ದಿನಾ ನೀರು ಬಿಡಬೇಡಿ. ತರಗು ಎತ್ತಿ ಮಣ್ಣು ಮುಟ್ಟಿ ನೋಡಿ ಬಿಡಿ.
- ತರಗನ್ನ ಮಣ್ಣಿಗೆ ಸೇರಿಸಿ ಉಳಬೇಡಿ. ಮೇಲಿದ್ದರೆ ಸಾರಜನಕದ ಕೊರತೆ ಅಷ್ಟಾಗಿ ಕಾಣೋದಿಲ್ಲ, ಮಣ್ಣೊಳಗೆ ಬೆರೆಸಿದರೆ ಗಿಡ ಹಳದಿ ಆಗುತ್ತೆ.

ಮಳೆಗಾಲದ ಬೆಳೆಗೆ ಕ್ರಮ ಬೇರೆ. ಮೊದಲ 3 ವಾರ ನೆಲ ಬರಿದೇ ಇರಲಿ. ಕಾಂಡ ಪೆನ್ಸಿಲ್ ಗಾತ್ರಕ್ಕೆ ಬಲಿತ ಮೇಲೆ ಒಂದೂವರೆ ಇಂಚು ಮೀರದ ಹಾಗೆ ತೆಳ್ಳಗೆ ಹಾಸಿ. ಆಗ ಕತ್ತರಿಸೋ ಹುಳುವಿನ ಭಯ ಕಮ್ಮಿ, ಮಳೆ ಹನಿಗೆ ಮಣ್ಣು ಸಿಡಿದು ಕೆಳಗಿನ ಎಲೆಗೆ ರೋಗ ಹತ್ತೋದೂ ತಪ್ಪುತ್ತೆ.

ಇನ್ನೊಂದು ಮಾತು, ಇದು ಅವ್ವನದು. ತರಗಿನ ಕೆಳಗೆ ಇಲಿ ಬರುತ್ತೆ, ಇಲಿ ಹಿಂದೆ ಹಾವು ಬರುತ್ತೆ. ಕಾಯಿ ಕೀಳೋಕೆ ಹೋಗೋರು ಬೂಟು ಹಾಕಿ, ಕೈ ಹಾಕೋ ಮುಂಚೆ ಕೋಲಲ್ಲಿ ತಟ್ಟಿ. ಬೇಸಿಗೆಯಲ್ಲಿ ಹೊದಿಕೆ ಹಾಕಿದ ಹೊಲದೊಳಗೆ ಬೀಡಿ ಸೇದೋಕೆ ಯಾರನ್ನೂ ಬಿಡಬೇಡಿ.

ಎರಡನೇ ಸಲ ಏನಾಯ್ತು?

ಮುಂದಿನ ಜನವರಿ ಕೊನೆಯಲ್ಲಿ 10 ಗುಂಟೆಗೆ ಮತ್ತೆ ಟೊಮೆಟೊ ಹಾಕಿದೆ. ಬೇಸಿಗೆ ಬೆಳೆಗೇ ಬಿಳಿನೊಣದ ಕಾಟ ಜಾಸ್ತಿ. ಈ ಸಲ ಅರ್ಧಕ್ಕೆ ಮಾತ್ರ ತರಗು, ಅರ್ಧ ಬರಿ ನೆಲ. ಪೈರು ಅದೇ, ಗೊಬ್ಬರ ಅದೇ, ನೀರು ಅದೇ. ಎರಡೂ ಕಡೆ ಬೇವಿನ ಸೋಪು ಬಿಟ್ಟರೆ ಬೇರೆ ಏನೂ ಹೊಡೆಯಲಿಲ್ಲ.

ಬರಿ ನೆಲದ ಕಡೆ ಮೂರನೇ ವಾರಕ್ಕೇ ಮುದುಡಿದ ಗಿಡ ಕಾಣಿಸಿದವು. ತರಗಿನ ಕಡೆ ಐದನೇ ವಾರದ ಹೊತ್ತಿಗೆ ಶುರುವಾಯ್ತು. ಕೊನೆಗೆ ರೋಗ ಎರಡೂ ಕಡೆ ಬಂತು, ಸುಳ್ಳು ಹೇಳೋದಿಲ್ಲ. ಆದರೆ ತರಗಿನ ಕಡೆ ಗಿಡಗಳು ಅಷ್ಟರಲ್ಲಿ ಹೂವಾಗಿ ಕಾಯಿ ಹಿಡಿದಿದ್ದವು. ಕ್ರೇಟ್ ಎಣಿಸೋ ದಿನ ಬಂದಾಗ ಯಾವ ಕಡೆ ಜಾಸ್ತಿ ಅಂತ ಲೆಕ್ಕ ಬರೆಯೋ ಅಗತ್ಯವೇ ಇರಲಿಲ್ಲ, ಕಣ್ಣಿಗೇ ಕಾಣ್ತಿತ್ತು. ಇದು ಒಂದು ಹೊಲದ, ಒಂದು ಬೇಸಿಗೆಯ ಮಾತು. ನಿಮ್ಮ ನೆಲದಲ್ಲಿ ಬೇರೆ ಆಗಬಹುದು. ಅದಕ್ಕೇ ಅರ್ಧಕ್ಕೆ ಮಾತ್ರ ಹಾಕಿ ನೋಡಿ ಅನ್ನೋದು.

ಈಗ ನಾನು ಇದರ ಜೊತೆಗೆ ರೋಗ ತಡೆಯೋ ತಳಿಯನ್ನೂ ಹಾಕ್ತೀನಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆಮುದುಡು ರೋಗವನ್ನೂ ತಡೆಯೋ ತಳಿ. ತಳಿ, ಪರದೆಯ ಪೈರು, ಹೊದಿಕೆ, ಹಳದಿ ಅಂಟು ಬಲೆ ನಾಲ್ಕೂ ಸೇರಿದರೆ ಒಂದು ಕೈ ತಪ್ಪಿದರೂ ಇನ್ನೊಂದು ಹಿಡಿಯುತ್ತೆ.

ಪ್ಲಾಸ್ಟಿಕ್ ಮಲ್ಚಿಂಗ್ ಸಾಲದಾ?

ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹಾಳೆ ಬೆಳಕನ್ನ ಹುಲ್ಲಿಗಿಂತ ಜೋರಾಗಿ ಪ್ರತಿಫಲಿಸುತ್ತೆ. ಬಿಳಿನೊಣ, ಥ್ರಿಪ್ಸ್ ಓಡಿಸೋದರಲ್ಲಿ ಅದು ಮುಂದೆ, ಒಪ್ಪಬೇಕು. ಆದರೆ ಅದು ಕೊಳೆತು ಗೊಬ್ಬರ ಆಗೋದಿಲ್ಲ, ಜೇಡಕ್ಕೆ ಮನೆಯೂ ಆಗೋದಿಲ್ಲ. ಬೆಳೆ ಮುಗಿದ ಮೇಲೆ ಹರಿದ ಚೂರುಗಳು ಮಣ್ಣಲ್ಲೇ ಉಳಿಯುತ್ತವೆ. ದುಡ್ಡು ಕೊಟ್ಟು ಹಾಳೆ ತರೋದಾ, ಸುಡೋ ತರಗನ್ನ ತರೋದಾ ಅನ್ನೋದನ್ನ ನಿಮ್ಮ ಊರಲ್ಲಿ ಏನು ಸಿಗುತ್ತೆ ನೋಡಿ ತೀರ್ಮಾನ ಮಾಡಿ.

ಈ ವಾರದ ಕೆಲಸ: ಫೋನ್ ತೆಗೀರಿ

ನಾಲ್ಕು ಮಡಿ ಸಾಕು. ಎರಡಕ್ಕೆ ಹೊದಿಕೆ, ಎರಡು ಬರಿದೇ. ಒಂದೊಂದು ಕಡೆ 10 ಗಿಡಕ್ಕೆ ಬಣ್ಣದ ದಾರ ಕಟ್ಟಿ. ವಾರಕ್ಕೊಂದು ದಿನ, ಬೆಳಗ್ಗೆ 7 ಗಂಟೆ ಒಳಗೆ ಹೋಗಿ. ತಂಪು ಹೊತ್ತಲ್ಲಿ ಬಿಳಿನೊಣ ಮಂಕಾಗಿರುತ್ತೆ, ಬೇಗ ಹಾರೋದಿಲ್ಲ. ತುದಿಯಿಂದ ಮೂರನೇ ಎಲೆಯನ್ನ ಮೆಲ್ಲಗೆ ತಿರುಗಿಸಿ ಕೆಳಭಾಗದ ಫೋಟೋ ತೆಗೀರಿ. ಮನೆಗೆ ಬಂದು ಜೂಮ್ ಮಾಡಿ ಎಣಿಸಿ. ಗಿಡದ ನಂಬರು, ನೊಣದ ಲೆಕ್ಕ, ಮುದುಡಿದೆಯಾ ಇಲ್ಲವಾ, ಇಷ್ಟನ್ನ ಫೋನಿನ ನೋಟ್ಸ್‌ನಲ್ಲಿ ಬರೆದಿಡಿ. ಹೊದಿಕೆ ಕಡೆ ಒಂದು ಅಡಿ ಜಾಗದಲ್ಲಿ ತರಗು ಎತ್ತಿ ಜೇಡ ಎಷ್ಟು, ಬಸವನಹುಳು ಎಷ್ಟು ಅಂತಲೂ ನೋಡಿ. 6 ವಾರದ ಹೊತ್ತಿಗೆ ನಿಮ್ಮ ನೆಲಕ್ಕೆ ಹೊದಿಕೆ ಆಗಿಬರುತ್ತಾ ಇಲ್ಲವಾ ಅನ್ನೋದಕ್ಕೆ ನಿಮ್ಮ ಹತ್ತಿರವೇ ಉತ್ತರ ಇರುತ್ತೆ. ಆಮೇಲೆ ನನ್ನ ಮಾತನ್ನೂ ನಂಬಬೇಕಾಗಿಲ್ಲ.

ಆ ಬೇಸಿಗೆ ಬೆಳೆ ಮುಗಿದು, ಮುಂದಿನ ಕಬ್ಬು ಕಟಾವಿನ ಹೊತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡ್ಕೊಂಡೇ ಹೇಳಿದರು: "ಪಕ್ಕದ ಹೊಲದೋರಿಗೆ ತರಗಿಗೆ ಬೆಂಕಿ ಹಾಕಬೇಡಿ ಅಂದಿದೀನಿ. ಬೆಳಗ್ಗೆ ಟ್ರ್ಯಾಕ್ಟರ್ ಕಳಿಸವ್ವ."

ನಿಮ್ಮ ಪಕ್ಕದ ಹೊಲದಲ್ಲೂ ತರಗು ಬಿದ್ದಿರಬಹುದು. ಬೆಂಕಿ ಬೀಳೋ ಮುಂಚೆ ಹೋಗಿ ಕೇಳಿ.